ಮೊದಲ ಬೀಜ ಯಾರ ಕೈಯಿಂದ

ಹುಡುಗಿಯಾಗಿದ್ದಾಗ ನನ್ನಲ್ಲಿ ಹೇಳಿಕೊಳ್ಳುವಂಥದ್ದು ಒಂದೇ ಒಂದಿತ್ತು, ಕೈಗುಣ. ಉಳಿದದ್ದೆಲ್ಲ ಅಷ್ಟಕ್ಕಷ್ಟೇ. ಬಣ್ಣ ಅಪ್ಪನದು, ಕೂದಲು ಅವ್ವನದು, ಎರಡರಲ್ಲೂ ಯಾರೂ ಮೆಚ್ಚುವಂಥದ್ದೇನೂ ಇರಲಿಲ್ಲ. ನಾನು ಹಾಡಿದರೆ ಕೊಟ್ಟಿಗೆಯ ಎಮ್ಮೆ ಹಗ್ಗ ಜಗ್ಗುತ್ತದೆ ಎಂದು ಅಪ್ಪ ನಗುತ್ತಿದ್ದ. ಶಾಲೆಯಲ್ಲಿ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದ ನೆನಪಿಲ್ಲ. ಆದರೆ ನಾನು ಊರಿದ ಬೀಜ ಮೊಳೆಯದೆ ಇರುವುದಿಲ್ಲ ಎಂದು ಆಯಿ ಹೇಳುತ್ತಿದ್ದಳು, ಅದನ್ನು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ, ನಮ್ಮ ಮನೆಯ ಹಿರಿಯಳು.

ಈ ಹೆಸರು ನನಗೆ ಬಂದದ್ದು ತೀರ ಚಿಕ್ಕವಳಿದ್ದಾಗ. ಆಟಕ್ಕೆಂದು ಬಚ್ಚಲ ಗೋಡೆಯ ಬುಡದಲ್ಲಿ ಹಾಗಲದ ಬೀಜವೊಂದನ್ನು ಬೆರಳಿನಿಂದ ಚುಚ್ಚಿದ್ದೆನಂತೆ. ಆ ಬಳ್ಳಿ ಬಚ್ಚಲ ಸೂರು ಹತ್ತಿ, ಅಲ್ಲಿಂದ ಪಕ್ಕದ ಮನೆಯ ಸೂರಿಗೆ ದಾಟಿ, ಎರಡೂ ಮನೆಯವರು ಹಾಗಲಕಾಯಿ ತಿಂದು ತಿಂದು ಬಾಯಿ ಕಹಿ ಮಾಡಿಕೊಂಡರಂತೆ. ಅಂದಿನಿಂದ ಯುಗಾದಿಯ ದಿನ ಮೊದಲ ಬೀಜ ಊರುವ ಕೆಲಸ ನನ್ನದಾಯಿತು. ಬೇವಿನ ಎಲೆ ಹಾಕಿದ ನೀರಿನಲ್ಲಿ ಮಿಂದು, ಒದ್ದೆಗೂದಲಲ್ಲಿ, ಬರಿಗಾಲಲ್ಲಿ ಹಿತ್ತಲಿಗೆ ಹೋಗಿ, ಬಾವಿಯ ಪಕ್ಕದ ಗುಣಿಯಲ್ಲಿ ಹೀರೆಯ ಬೀಜ ಒಂದನ್ನು ಊರಬೇಕು. ಅದಾಗುವವರೆಗೆ ಅಪ್ಪ ಅವ್ವ ಆಯಿ ಯಾರೂ ಕಾಳಿಗೆ ಕೈ ಹಚ್ಚುವಂತಿಲ್ಲ. ವರ್ಷಕ್ಕೊಮ್ಮೆ ಮನೆಯವರೆಲ್ಲ ನನ್ನ ಕೈಯನ್ನೇ ನೋಡುತ್ತ ನಿಲ್ಲುತ್ತಿದ್ದರು. ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೆ.

ನಮ್ಮ ಮನೆ ಮುಂಡರಗಿಯ ಅಂಚಿನಲ್ಲಿತ್ತು. ಮನೆಗಿಂತ ಹಿತ್ತಲು ದೊಡ್ಡದು. ಬಚ್ಚಲ ನೀರು ಸಣ್ಣ ಕಾಲುವೆಯಲ್ಲಿ ಹರಿದು ಮಡಿಗಳಿಗೆ ಹೋಗುತ್ತಿತ್ತು, ಸಾಲದ್ದಕ್ಕೆ ಬಾವಿಯಿಂದ ಸೇದಿ ಹಾಕುತ್ತಿದ್ದೆವು. ಹಿತ್ತಲ ಪಡುವಣ ಗೋಡೆಯೇ ನಮ್ಮ ಬೀಜದ ಕಣಜ. ಬೀಜಕ್ಕೆ ಬಿಟ್ಟ ಹೀರೆ, ಸೌತೆ, ಕುಂಬಳ ಒಣಗಿದ ಮೇಲೆ ಅವುಗಳ ಬೀಜವನ್ನು ಹಸಿ ಸಗಣಿಯಲ್ಲಿ ಒತ್ತಿ, ಅಂಗೈಯಗಲದ ಬಿಲ್ಲೆ ಮಾಡಿ, ಆ ಗೋಡೆಗೆ ತಟ್ಟುತ್ತಿದ್ದೆವು. ಹುಳ ಮುಟ್ಟುತ್ತಿರಲಿಲ್ಲ, ಇಲಿ ಮೂಸುತ್ತಿರಲಿಲ್ಲ. ಯುಗಾದಿ ಹತ್ತಿರವಾದಾಗ ಬಿಲ್ಲೆ ಕಿತ್ತು ನೀರಿಗೆ ಹಾಕಿದರೆ ಬೀಜ ಹೊಚ್ಚ ಹೊಸದಾಗಿ ಹೊರಬರುತ್ತಿತ್ತು. ತಟ್ಟುವ ಕೆಲಸವೂ ನನ್ನದೇ. ಪ್ರತಿ ಬಿಲ್ಲೆಯ ಮೇಲೂ ನನ್ನ ಬೆರಳಿನ ಗುರುತು ಇರುತ್ತಿತ್ತು, ನಾನದನ್ನು ಬಂದವರಿಗೆಲ್ಲ ತೋರಿಸುತ್ತಿದ್ದೆ.

ಆಗ ನಮ್ಮ ಸುತ್ತ ಒಂದೊಂದು ಊರಿಗೆ ಒಂದೊಂದು ದೊರೆತನ. ಲಕ್ಷ್ಮೇಶ್ವರಕ್ಕೆ ಒಬ್ಬ ರಾಜ, ಶಿರಹಟ್ಟಿಗೆ ಇನ್ನೊಬ್ಬ, ಗದಗ ಮುಂಡರಗಿ ಮುಂಬೈ ಸರಕಾರಕ್ಕೆ, ಮೂಡಲಿಗೆ ಸ್ವಲ್ಪ ದೂರ ಹೋದರೆ ನಿಜಾಮನ ಸೀಮೆ. ನಮ್ಮ ಗೋಡೆಯ ಮೇಲೆ ಸೌತೆ ಲಕ್ಷ್ಮೇಶ್ವರದ್ದು, ಆಯಿಯ ತವರಿನದು. ಕುಂಬಳ ಶಿರಹಟ್ಟಿಯ ಬೀಗರು ಕೊಟ್ಟದ್ದು. ಕನ್ನಡದ ಸೀಮೆಗಳೆಲ್ಲ ಒಂದಾಗಬೇಕು ಎಂದು ಊರ ಕಟ್ಟೆಯಲ್ಲಿ ದೊಡ್ಡವರು ಭಾಷಣ ಮಾಡುತ್ತಿದ್ದರು. ನಮ್ಮ ಹಿತ್ತಲಲ್ಲಿ ಅದು ಆಗಿಹೋಗಿತ್ತು. ಹೀರೆಯ ಬೀಜ ಮಾತ್ರ ಮನೆಯದೇ. ಆಯಿಗೆ ಅವಳ ಅತ್ತೆ ಕೊಟ್ಟದ್ದು. ಅಂಥ ಉದ್ದನೆಯ, ನಾರಿಲ್ಲದ ಹೀರೆ ಬೇರೆ ಯಾರ ಹಿತ್ತಲಲ್ಲೂ ಇರಲಿಲ್ಲ, ಆಯಿ ಕೇಳಿದವರಿಗೆ ಕಾಯಿ ಕೊಡುತ್ತಿದ್ದಳೇ ಹೊರತು ಬೀಜ ಕೊಡುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ, ಶಿವರಾತ್ರಿಗೆ ಮುಂಚೆ, ನಮ್ಮ ಅತ್ತೆ ತನ್ನ ಮಗಳನ್ನು ಕರೆದುಕೊಂಡು ಬಂದಳು. ಅತ್ತೆ ಅಪ್ಪನ ತಂಗಿ, ಅವಳನ್ನು ಕೊಟ್ಟದ್ದು ಕೊಪ್ಪಳದ ಕಡೆಯ ಒಂದು ಹಳ್ಳಿಗೆ. ದೇಶಕ್ಕೆಲ್ಲ ಬಂದ ಸ್ವಾತಂತ್ರ್ಯ ನಿಜಾಮನ ಆ ಸೀಮೆಗೆ ಬಂದಿರಲಿಲ್ಲ. ಅಲ್ಲಿ ಊರೂರಿಗೆ ಲೂಟಿ, ಬೆಂಕಿ ಎಂದು ಸುದ್ದಿ. ದಿನವೂ ಜನ ಗಡಿ ದಾಟಿ ನಮ್ಮ ಕಡೆ ಬರುತ್ತಿದ್ದರು. ಮಾವ ಹೆಂಡತಿ ಮಗಳನ್ನು ಬಂಡಿ ಹತ್ತಿಸಿ, ತಾನು ಮನೆ ದನ ನೋಡಿಕೊಳ್ಳಲು ಅಲ್ಲೇ ಉಳಿದಿದ್ದ. ಆಮೇಲೆ ಅವನ ಸುದ್ದಿಯೇ ಇರಲಿಲ್ಲ.

ಇದೆಲ್ಲ ದೊಡ್ಡ ಕಷ್ಟ ಎಂದು ಈಗ ನನಗೆ ಗೊತ್ತು. ಆಗ ನನಗೆ ಕಂಡದ್ದು ಒಂದೇ, ಆ ಹುಡುಗಿ ನನ್ನ ಜಾಗದಲ್ಲಿ ಮಲಗಿದ್ದು. ಆಯಿಯ ಮಗ್ಗುಲು ನನ್ನದು, ಹುಟ್ಟಿದಾಗಿನಿಂದ ನನ್ನದು. ಮೊದಲ ದಿನವೇ ಆಯಿ ಕೌದಿ ಎತ್ತಿ ಅವಳನ್ನು ಒಳಗೆ ಕರೆದುಕೊಂಡಳು, ನನಗೆ ಅವ್ವನ ಕಡೆ ಕೈ ತೋರಿಸಿದಳು. ಅವಳು ನನಗಿಂತ ಐದಾರು ತಿಂಗಳಿಗೆ ದೊಡ್ಡವಳು. ಗೋಧಿ ಬಣ್ಣ, ಸೊಂಟ ಮುಟ್ಟುವ ಜಡೆ, ಕೇಳಿದರೆ ಮಾತ್ರ ಮಾತು. "ಅಕ್ಕಾ ಅನ್ನಬೇಕವ್ವಾ ಆಕಿಗೆ," ಎಂದು ಅವ್ವ ಹೇಳಿದಳು. ನಾನು ಅನ್ನಲಿಲ್ಲ. ಅವಳು ಇದ್ದಷ್ಟು ದಿನವೂ "ಏ" ಎಂದೇ ಕರೆದೆ.

ಎಮ್ಮೆ ಹಾಲಿನ ಕೆನೆ ಅವಳ ತಟ್ಟೆಗೆ ಹೋಯಿತು. ತವೆಯಿಂದ ಇಳಿದ ಮೊದಲ ಬಿಸಿ ರೊಟ್ಟಿ ಅವಳಿಗೆ ಹೋಯಿತು. ದೀಪಾವಳಿಗೆ ಹೊಲಿಸಿದ ನನ್ನ ಹಸಿರು ಪರಕಾರವನ್ನು ಅವ್ವ ನನ್ನ ಕಣ್ಣೆದುರಿಗೇ ಮಡಿಕೆ ಬಿಚ್ಚಿ ಅವಳಿಗೆ ಉಡಿಸಿದಳು, ಅದು ನನಗಿಂತ ಅವಳಿಗೇ ಚೆನ್ನಾಗಿ ಒಪ್ಪಿತು. ಹೊಟ್ಟೆಕಿಚ್ಚು ಎನ್ನುವುದು ಬರಿಯ ಮಾತಲ್ಲ, ನಿಜವಾಗಿ ಹೊಟ್ಟೆಯಲ್ಲೇ ಉರಿಯುತ್ತದೆ ಎಂದು ನನಗೆ ಆ ವಸಂತದಲ್ಲಿ ತಿಳಿಯಿತು. ಊಟ ಸೇರುತ್ತಿರಲಿಲ್ಲ. ಸೇರದಿದ್ದರೂ ಯಾರೂ ಕೇಳುತ್ತಿರಲಿಲ್ಲ, ಎಲ್ಲರೂ ಅವಳು ಉಂಡಳೋ ಇಲ್ಲವೋ ನೋಡುತ್ತಿದ್ದರು.

ಅವರು ತಂದದ್ದು ಉಟ್ಟ ಬಟ್ಟೆ, ಇನ್ನೊಂದು ಜೊತೆ, ಮತ್ತೆ ಆ ಹುಡುಗಿಯ ಸೊಂಟದಲ್ಲಿ ಕಟ್ಟಿದ್ದ ಒಂದು ಚಿಕ್ಕ ಗಂಟು. ಅದರಲ್ಲಿ ಅವರ ಹಿತ್ತಲಿನ ಬೀಜ. ಗುಂಡಗಿನ ಹೀರೆಯದು ಒಂದಿಷ್ಟು, ಅಬ್ಬಲಿಗೆ ಹೂವಿನ ಒಣ ಕಾಯಿ ಒಂದಿಷ್ಟು. "ಹೊಳ್ಳಿ ಊರಿಗೆ ಹೋದ ಮ್ಯಾಲ ಹಾಕಬೇಕಂತ ತಂದೀನಿ," ಎಂದಳು. ಅಬ್ಬಲಿಗೆಯ ನಾಲ್ಕು ಕಾಯಿಯನ್ನು ಅಂಗೈಯಲ್ಲಿಟ್ಟು ಆಯಿಯ ಕಡೆಯಿಂದ ನೀರು ಹನಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಕಾಯಿ ಚಟ್ ಚಟ್ ಎಂದು ಸಿಡಿದು ಬೀಜ ಆಯಿಯ ಮೂಗಿಗೆ ಬಡಿಯಿತು. ಆಯಿ ಮಗುವಿನ ಹಾಗೆ ನಕ್ಕಳು. ನನ್ನ ಯಾವ ಆಟಕ್ಕೂ ಅವಳು ಹಾಗೆ ನಕ್ಕದ್ದಿಲ್ಲ. ಒದ್ದೆಯಾದರೆ ಕಾಯಿ ಸಿಡಿಯುವುದು ಅದರ ಗುಣ, ಅದರಲ್ಲಿ ಈಕೆಯ ಹೆಚ್ಚುಗಾರಿಕೆ ಏನು ಎಂದು ನಾನು ಎಲ್ಲರನ್ನೂ ಕೇಳಿದೆ.

ಆಯಿ ನಕ್ಕದ್ದು ಕಡಿಮೆ, ಬೈದದ್ದೇ ಹೆಚ್ಚು. ಅವಳ ಬಾಯಿಗೆ ಓಣಿಯೇ ಹೆದರುತ್ತಿತ್ತು. ಬೆಳಗಾದರೆ "ಏಳ ಹುಚ್ಚಖೋಡಿ," ಕೊಡ ತುಳುಕಿದರೆ "ಕೈಯಾಗ ಏನ ಹಾವ ಕಚ್ಚೇತೇನ ಮೂಳಿ," ತಡವಾಗಿ ಬಂದರೆ "ಎಲ್ಲಿ ಸುಡುಗಾಡ ಸುತ್ತಾಕ ಹೋಗಿದ್ದಿ," ಇವೆಲ್ಲ ದಿನಕ್ಕೆ ಹತ್ತು ಸಲ ನನ್ನ ಮೇಲೆ ಬೀಳುತ್ತಿದ್ದವು. ಆ ಹುಡುಗಿಯ ಜೊತೆ ಮಾತ್ರ ದನಿಯೇ ಬೇರೆ. "ಬಾಳವ್ವಾ," "ನನ್ನವ್ವಾ," "ಬಾ ಇಲ್ಲೆ, ಕುಂದರು." ಅದೇ ಬಾಯಿ ಹೀಗೂ ಮಾತಾಡಬಲ್ಲದು ಎಂದು ಗೊತ್ತಾದಾಗ ನನಗೆ ಇನ್ನಷ್ಟು ಸಿಟ್ಟು ಬಂತು.

ಶಿವರಾತ್ರಿ ಮುಗಿದ ಮೇಲೆ ಮಡಿ ಮಾಡುವ ಕೆಲಸ ಶುರುವಾಯಿತು. ಅಪ್ಪ ಗುದ್ದಲಿ ಹಿಡಿದು ಅಗೆದ. ಅವ್ವ ತಿಪ್ಪೆಯಿಂದ ಗೊಬ್ಬರ ಹೊತ್ತಳು, ಅತ್ತೆ ಅದನ್ನು ಜರಡಿ ಹಿಡಿದಳು. ಆಯಿ ಒರಳಕಲ್ಲಿನ ಮೇಲೆ ಕುಳಿತು ಎಲ್ಲರಿಗೂ ಹೇಳುತ್ತಿದ್ದಳು. ಬದನೆಗೆ ಇಷ್ಟು, ಮೆಣಸಿನಕಾಯಿಗೆ ಇಷ್ಟು, ಬಾವಿಯ ಸುತ್ತ ಚೆಂಡುಹೂವು, ಬೇಲಿಯ ಗುಂಟ ಗುಲಬಾಕ್ಷಿ. ನಾವಿಬ್ಬರು ಹೆಂಟೆ ಒಡೆಯಬೇಕು, ಕಲ್ಲು ಆರಿಸಬೇಕು. ನಾನು ಹೆಂಟೆಯನ್ನು ಹಿಮ್ಮಡಿಯಿಂದ ತುಳಿದು ಪುಡಿ ಮಾಡುತ್ತಿದ್ದೆ. ಅವಳು ಕುಳಿತು ಎರಡೂ ಕೈಯಲ್ಲಿ ಉಜ್ಜುತ್ತಿದ್ದಳು, ಅವಳ ಕೈಯಿಂದ ಬಿದ್ದ ಮಣ್ಣು ರವೆಯಾಗಿರುತ್ತಿತ್ತು. ನಾನು ಕೊಡ ಬಗ್ಗಿಸಿ ನೀರು ಸುರಿದರೆ ಮಡಿಯಲ್ಲಿ ಗುಂಡಿ ಬೀಳುತ್ತಿತ್ತು. ಅವಳು ಧಾರೆಯ ಕೆಳಗೆ ತನ್ನ ಅಂಗೈ ಹಿಡಿದು, ಬೆರಳ ಸಂದಿಯಿಂದ ಹನಿ ಹನಿಯಾಗಿ ಬಿಡುತ್ತಿದ್ದಳು.

"ನೋಡು, ಕೈ ಎಷ್ಟ ಹಗೂರ ಐತಿ ಈ ಹುಡುಗೀದು," ಎಂದು ಆಯಿ ಅಂದಳು. ಕೆನೆ ಹೋದರೆ ಹೋಗಲಿ, ಪರಕಾರ ಹೋದರೆ ಹೋಗಲಿ, ಮಗ್ಗುಲೂ ಹೋಗಲಿ. ಆಯಿಯ ಬಾಯಲ್ಲಿ ಕೈಯ ಮಾತು ಬಂದದ್ದನ್ನು ಮಾತ್ರ ತಡೆಯಲಾಗಲಿಲ್ಲ. ಅಷ್ಟು ಸಾಲದೆಂಬಂತೆ ಅತ್ತೆ ಒಡೆದ ಗಡಿಗೆಯ ಎರಡು ಚೂರಿನಲ್ಲಿ ಮಣ್ಣು ತುಂಬಿ, ನಮ್ಮಿಬ್ಬರಿಗೂ ಒಂದೊಂದು ಹಿಡಿ ಮೆಂತ್ಯ ಕೊಟ್ಟಳು, ಬೇಜಾರು ಕಳೆಯಲಿ ಎಂದು. ಅವಳದು ಹಸಿರು ಕಂಬಳಿಯಂತೆ ಎದ್ದಿತು. ನನ್ನದು ಅಲ್ಲೊಂದು ಇಲ್ಲೊಂದು, ಅದನ್ನೂ ಕೋಳಿ ಕೆದರಿತು. ಮೆಂತ್ಯ ನಮ್ಮ ಲೆಕ್ಕದಲ್ಲಿ ಬೀಜವೇ ಅಲ್ಲ, ಯಾವಾಗ ಬೇಕಾದರೂ ಚೆಲ್ಲುವಂಥದ್ದು, ಯುಗಾದಿಯ ಬೀಜ ಬೇರೆ ಎಂದು ನನಗೆ ನಾನೇ ಹೇಳಿಕೊಂಡೆ. ಆಯಿ ಎರಡೂ ಚೂರುಗಳನ್ನು ನೋಡಿ ಕೋಳಿಯನ್ನು ಮಾತ್ರ ಓಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಹೋಳಿ ಹುಣ್ಣಿಮೆ ಬಂತು. ನಮ್ಮಲ್ಲಿ ಕಾಮಣ್ಣನನ್ನು ಸುಡುವುದಕ್ಕೆ ಹುಡುಗರು ಹಲಗೆ ಬಾರಿಸುತ್ತ ಮನೆಮನೆಗೆ ಬಂದು ಒಣ ಸಗಣಿಯ ಕುಳ್ಳು, ಕಟ್ಟಿಗೆ ಕೇಳುತ್ತಾರೆ. ಕೊಟ್ಟರೆ ಸರಿ, ಕೊಡದಿದ್ದರೆ ಕದಿಯುತ್ತಾರೆ, ಕದ್ದದ್ದಕ್ಕೆ ಯಾರೂ ಸಿಟ್ಟಾಗುವಂತಿಲ್ಲ. ಅಂದು ಅವ್ವ ಮತ್ತು ನಾನು ಹೊಲಕ್ಕೆ ಹೋಗಿದ್ದೆವು. ಆಯಿ ಮತ್ತು ಅತ್ತೆ, ಗಡಿ ದಾಟಿ ಬಂದವರು ಇಳಿದುಕೊಂಡಿದ್ದ ಕಡೆ, ಮಾವನ ಸುದ್ದಿ ಏನಾದರೂ ಸಿಕ್ಕೀತೇ ಎಂದು ಕೇಳಲು ಹೋಗಿದ್ದರು. ಮನೆಯಲ್ಲಿ ಇದ್ದವಳು ಆ ಹುಡುಗಿ ಒಬ್ಬಳೇ. ಹುಡುಗರು ಬಂದು ಹೋದರೆಂದು ಅವಳು ಹೇಳಿದಳು, ಒಳ್ಳೆಯದಾಯಿತು ಎಂದು ನಾವೂ ಅಂದೆವು.

ಮರುದಿನ ನಸುಕಿನಲ್ಲಿ ಕಾಮಣ್ಣನಿಗೆ ಬೆಂಕಿ ಇಟ್ಟರು. ಆ ಬೆಂಕಿಯ ಕೆಂಡ ತಂದು ಒಲೆ ಹೊತ್ತಿಸುವುದು ಪದ್ಧತಿ. ಅಪ್ಪ ತಂದ, ಅವ್ವ ಹೊತ್ತಿಸಿದಳು, ಹೋಳಿಗೆ ಬೆಂದವು. ನಾನು ಎರಡು ಹೋಳಿಗೆ ತಿಂದು ಕೈ ತೊಳೆಯಲು ಹಿತ್ತಲಿಗೆ ಹೋದೆ. ಪಡುವಣ ಗೋಡೆ ಬೋಳಾಗಿತ್ತು. ಬಿಲ್ಲೆ ಇದ್ದ ಕಡೆಗಳಲ್ಲಿ ದುಂಡು ದುಂಡಾದ ಕಲೆ ಮಾತ್ರ ಉಳಿದಿತ್ತು.

ನನಗೆ ದುಃಖವಾಗಬೇಕಿತ್ತು. ಆದದ್ದು ಸಂತೋಷ. ಸಿಕ್ಕಿಬಿದ್ದಳು ಎಂದುಕೊಂಡೆ. ಅಂಗಳದಲ್ಲಿ ನಿಂತು ನೆರೆಮನೆಗೂ ಕೇಳುವಂತೆ ಕೂಗಿದೆ.

"ಆಯೀ! ಬೀಜಾ ಎಲ್ಲಾ ಕಾಮಣ್ಣಗ ಹಾಕ್ಯಾಳ ಈಕಿ! ಒಂದೂ ಉಳದಿಲ್ಲ!"

ಎಲ್ಲರೂ ಓಡಿ ಬಂದರು. ಆ ಹುಡುಗಿ ಗೋಡೆಯನ್ನು ನೋಡಿದಳು, ನಮ್ಮ ಮುಖ ನೋಡಿದಳು. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ. "ಸಣ್ಣ ಸಣ್ಣ ಕುಳ್ಳ ಇದ್ದುವು. ಈಕಿ ಆಟಕ್ಕ ತಟ್ಟಿದ್ದು ಅನ್ಕೊಂಡೆ. ದೊಡ್ಡ ಕುಳ್ಳ ಕೊಟ್ಟರ ನಿಮಗ ಒಲಿಗೆ ಬೇಕಾಗತಾವಂತ ಇವನ್ನ ಕೊಟ್ಟೆ," ಎಂದಳು. ಅವರ ಊರಲ್ಲಿ ಬೀಜವನ್ನು ಬೂದಿಯಲ್ಲಿ ಕಲಸಿ ಸೋರೆಬುರುಡೆಯಲ್ಲಿ ತುಂಬಿಡುತ್ತಿದ್ದರು. ಸಗಣಿಯಲ್ಲಿ ಬೀಜ ಇರುತ್ತದೆ ಎಂದು ಅವಳು ಕೇಳಿಯೂ ಇರಲಿಲ್ಲ. ನಾನು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ಆಟಕ್ಕೆ ತಟ್ಟಿದ್ದಂತೆ! ನಾನು ಆಯಿಯ ಬಾಯಿ ತೆರೆಯುವುದನ್ನೇ ಕಾಯುತ್ತ ನಿಂತೆ.

ಆಯಿ ಗೋಡೆಯ ಹತ್ತಿರ ಹೋದಳು. ಒಂದು ಕಲೆಯ ಮೇಲೆ ಕೈಯಾಡಿಸಿದಳು. ಹಿಂದೆ ತಿರುಗಿ, "ಹೋಗ್ಲಿ ಬಿಡವ್ವಾ. ನಿನಗೇನ ಗೊತ್ತಿತ್ತು. ಸೌತಿ ಬೀಜ ಲಕ್ಷ್ಮೇಶ್ವರದಿಂದ ತರಸೂಣು, ಕುಂಬಳ ಬೀಗರು ಕೊಡ್ತಾರ," ಎಂದಳು. ಹೀರೆಯ ಹೆಸರೆತ್ತಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ದನಿ ಏರಿಸಿದಳು.

"ಮತ್ತ ನಿಂದೇನ ಲೇ ಹುಚ್ಚಖೋಡಿ? ಊರ ಮಂದಿಗೆಲ್ಲಾ ಡಂಗುರ ಹೊಡಿಯಾಕ ನಿಂತೀಯೇನು? ಬಾಯಿ ಮುಚ್ಚಿ ಒಳಗ ಹೋಗು!"

ನ್ಯಾಯ ಎಂದರೆ ಇದು. ಬೀಜ ಸುಟ್ಟವಳಿಗೆ ಬಾಳವ್ವ, ಹೇಳಿದವಳಿಗೆ ಹುಚ್ಚಖೋಡಿ. ಅದೇ ಬಿಲ್ಲೆ ನಾನು ಕೊಟ್ಟಿದ್ದರೆ ನನ್ನ ಬೆನ್ನಿನ ಮೇಲೆ ಕುಳ್ಳು ತಟ್ಟುತ್ತಿದ್ದರು. ನಾನು ಒಳಗೆ ಹೋಗಿ ಜೋಳದ ಚೀಲದ ಹಿಂದೆ ಕುಳಿತು ಸಂಜೆಯವರೆಗೂ ಅತ್ತೆ. ಅತ್ತದ್ದು ಹೀರೆಗಾಗಿ ಅಲ್ಲ.

ಅಂದು ಸಂಜೆ ಆ ಹುಡುಗಿ ಸೊಂಟದ ಗಂಟು ಬಿಚ್ಚಿ ಆಯಿಯ ಮುಂದೆ ಇಟ್ಟಳು. "ಇವನ್ನ ಹಾಕ್ರಿ ಆಯಿ," ಎಂದಳು. ಅತ್ತೆ, "ಬ್ಯಾಡ, ಊರಿಗೆ ಹೋದ ಮ್ಯಾಲ ಏನ ಹಾಕ್ತಿ? ನಿಮ್ಮಪ್ಪಗ ಏನ ಹೇಳ್ತಿ?" ಎನ್ನುತ್ತ ಸೆರಗು ಬಾಯಿಗೆ ಒತ್ತಿಕೊಂಡಳು. ಹುಡುಗಿ ಗಂಟನ್ನು ಇನ್ನೂ ಮುಂದಕ್ಕೆ ಸರಿಸಿದಳು. ಇಲ್ಲಿಯ ಮಣ್ಣಿಗೆ ಹಾಕುವುದೆಂದರೆ ಬೇಗ ಹೊರಡುವ ಆಸೆ ಬಿಟ್ಟಂತೆ. ಅದು ನನಗೂ ಅರ್ಥವಾಯಿತು. ಅರ್ಥವಾಗಿ ನನಗೆ ಅನ್ನಿಸಿದ್ದು, ಹಾಗಾದರೆ ಇವಳು ಇಲ್ಲೇ ಇರುತ್ತಾಳೆ ಎಂದು.

ಯುಗಾದಿಯ ದಿನ ನಾನು ಯಾರೂ ಏಳಿಸುವ ಮೊದಲೇ ಎದ್ದೆ. ಬೇವಿನ ನೀರು ಸುರಿದುಕೊಂಡು, ಒದ್ದೆಗೂದಲಲ್ಲಿ, ಬಾವಿಯ ಪಕ್ಕ ಹೋಗಿ ನಿಂತೆ. ಅಪ್ಪ ಅವ್ವ ಅತ್ತೆ ಬಂದರು. ಆಯಿ ನೆನೆದ ಬೀಜದ ಬಟ್ಟಲು ಹಿಡಿದು ಆ ಹುಡುಗಿಯ ಕೈ ಹಿಡಿದುಕೊಂಡು ಬಂದಳು. ನನ್ನ ಕೈ ಆಗಲೇ ಮುಂದೆ ಚಾಚಿತ್ತು.

"ಈ ವರ್ಷ ಬೀಜಾ ಆಕೀದು, ಕೈನೂ ಆಕೀದ ಇರ್ಲಿ," ಎಂದಳು ಆಯಿ. ನನ್ನ ಕಡೆ ನೋಡಲಿಲ್ಲ.

"ನನ್ನ ಕೈಗೇನಾಗೇತಿ?" ಎಂದು ಕೇಳಿದೆ.

"ಏನೂ ಆಗಿಲ್ಲ. ಸುಮ್ನ ನಿಂದ್ರು."

ಚಾಚಿದ ಕೈಯನ್ನು ಎಲ್ಲಿ ಇಡಬೇಕೋ ತಿಳಿಯದೆ ಪರಕಾರಕ್ಕೆ ಒರೆಸಿಕೊಂಡೆ. ಆ ಹುಡುಗಿ ನನ್ನನ್ನೊಮ್ಮೆ ನೋಡಿ, ಕುಳಿತು, ಬೀಜದ ಚೂಪು ಕೆಳಗೆ ಮಾಡಿ ಊರಿದಳು. ನಿಧಾನ ಮಾಡಲಿಲ್ಲ, ಯಾರು ನೋಡುತ್ತಿದ್ದಾರೆ ಎಂದು ತಲೆ ಎತ್ತಲಿಲ್ಲ. ಮೇಲೆ ಮಣ್ಣು ಎಳೆದು ಅಂಗೈಯಿಂದ ನೀರು ಹನಿಸಿದಳು. ಎಲ್ಲರೂ ಅವರವರ ಮಡಿಗೆ ಹೋದರು. ಬದನೆ, ಮೆಣಸಿನಕಾಯಿ, ಚೆಂಡುಹೂವು, ಗುಲಬಾಕ್ಷಿ, ಕೊನೆಗೆ ಅವಳ ಅಬ್ಬಲಿಗೆ. ನಾನು ಬೇವು ಬೆಲ್ಲ ಮುಟ್ಟಲಿಲ್ಲ. ವರ್ಷವೆಲ್ಲ ಕಹಿಯೇ ಆಗಲಿ ಎಂದುಕೊಂಡೆ.

ಆಮೇಲೆ ನಾನು ಮಾಡಿದ ಕೆಲಸವೆಂದರೆ ಕಾಯುವುದು, ಅದೂ ಬೀಜ ಹುಟ್ಟದಿರಲಿ ಎಂದು. ಬೆಳಗಾದರೆ ಬಾವಿಯ ಪಕ್ಕಕ್ಕೆ ಹೋಗಿ ನೆಲ ನೋಡುತ್ತಿದ್ದೆ. ಕೆದಕಿ ನೋಡಬೇಕೆಂದು ಬೆರಳು ತುರಿಸುತ್ತಿತ್ತು. ಕೆದಕಲಿಲ್ಲ, ಒಳ್ಳೆಯತನದಿಂದ ಅಲ್ಲ, ಆಯಿ ಒರಳಕಲ್ಲಿನ ಮೇಲೆಯೇ ಕುಳಿತಿರುತ್ತಿದ್ದಳು. ಒಂದು ಬೆಳಗ್ಗೆ ನೆಲ ಬಿರಿದಿತ್ತು. ಎರಡು ದಪ್ಪ ಎಲೆ ಮಣ್ಣಿನ ಟೋಪಿ ಹೊತ್ತು ಮೇಲೆ ಬಂದಿದ್ದವು. ಬೀಜದ ಸಿಪ್ಪೆ ಇನ್ನೂ ಒಂದು ಎಲೆಯ ತುದಿಗೆ ಅಂಟಿಕೊಂಡಿತ್ತು. ಇಷ್ಟು ಚೆಂದದ ಮೊಳಕೆಯನ್ನು ನಾನು ಅಷ್ಟು ಸಿಟ್ಟಿನಿಂದ ಎಂದೂ ನೋಡಿಲ್ಲ.

ಆ ಬೇಸಿಗೆ ಅವಳದಾಯಿತು. ಹೀರೆಯ ಬಳ್ಳಿ ಚಪ್ಪರ ತುಂಬಿತು. ಸಂಜೆಯಾದರೆ ಹಳದಿ ಹೂ ಅರಳುತ್ತಿದ್ದವು. ಕಾಯಿ ಗುಂಡಗೆ, ಗಿಡ್ಡ, ಆದರೆ ಎಳಸು. "ನಮ್ಮದರ ರುಚಿ ಇಲ್ಲ," ಎಂದು ನಾನು ಪ್ರತಿ ಊಟಕ್ಕೂ ಹೇಳಿದೆ. ಆಯಿ ತಲೆ ಬಗ್ಗಿಸಿ ಉಂಡಳು. ಓಣಿಯ ಹೆಂಗಸರು ನೀರಿಗೆ ಬಂದಾಗ ಹಿತ್ತಲು ನೋಡಿ, "ಯಾರ ಕೈಗುಣರೀ ಇದು?" ಎಂದು ಕೇಳುತ್ತಿದ್ದರು. ಅವ್ವ ಆ ಹುಡುಗಿಯನ್ನು ಕರೆದು ತೋರಿಸುತ್ತಿದ್ದಳು. ಮಳೆ ಹಿಡಿದ ಮೇಲೆ ಅಬ್ಬಲಿಗೆ ಹೂ ಬಿಟ್ಟಿತು. ದಂಡೆ ಕಟ್ಟಿ ಮೊದಲನೆಯದನ್ನು ಅವಳು ನನಗೆ ಮುಡಿಸಲು ಬಂದಳು. ನನ್ನ ಕೂದಲಲ್ಲಿ ಹೂ ನಿಲ್ಲುವುದಿಲ್ಲ ಎಂದು ಹೇಳಿ ತಪ್ಪಿಸಿಕೊಂಡೆ. ಅದೊಂದು ಮಾತು ನಿಜವೂ ಆಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸರಕಾರದ ದಂಡು ನಿಜಾಮನ ಸೀಮೆಗೆ ಹೋಯಿತು, ನಿಜಾಮ ಶರಣಾದ ಎಂಬ ಸುದ್ದಿ ಬಂತು. ಊರಲ್ಲಿ ಸಕ್ಕರೆ ಹಂಚಿದರು. ನಾನು ಎಲ್ಲರಿಗಿಂತ ಹೆಚ್ಚು ಕುಣಿದೆ, ದೇಶಕ್ಕಾಗಿ ಎಂದು ಮಾಸ್ತರರು ತಿಳಿದುಕೊಂಡರು. ದಸರೆಯ ಮುಂದೆ ಮಾವ ಬಂಡಿ ಕಟ್ಟಿಕೊಂಡು ಬಂದ. ಬದುಕಿದ್ದ, ಬಹಳ ಬಡವಾಗಿದ್ದ. ಅತ್ತೆ ಬಾಗಿಲಲ್ಲೇ ಕುಸಿದು ಕುಳಿತಳು. ಆ ಹುಡುಗಿ ಅಳಲಿಲ್ಲ, ಅಪ್ಪನ ಧೋತರದ ಅಂಚು ಹಿಡಿದುಕೊಂಡು ಅವನ ಹಿಂದೆಯೇ ಓಡಾಡಿದಳು.

ಹೊರಡುವ ದಿನ ಬೆಳಗ್ಗೆ ಆಯಿ ನಮ್ಮಿಬ್ಬರನ್ನೂ ಚಪ್ಪರದ ಮೇಲೆ ಒಣಗಿದ ಹೀರೆ ಇಳಿಸಲು ಕಳಿಸಿದಳು, ಅರ್ಧ ಅವರಿಗೆ, ಅರ್ಧ ನಮಗೆ. ಅವಳು ಕೊಯ್ದು ಕೊಡುತ್ತಿದ್ದಳು, ನಾನು ಬುಟ್ಟಿ ಹಿಡಿದು ಕೆಳಗೆ ನಿಂತಿದ್ದೆ. ಇನ್ನೊಂದು ತಾಸಿಗೆ ಹೋಗುತ್ತಾಳೆ ಎಂಬ ಸಂತೋಷದಲ್ಲಿ ನಾನು ಸ್ವಲ್ಪ ಮೆತ್ತಗಾಗಿದ್ದೆ.

"ಒಂದ ಮಾತ ಹೇಳಲಿ?" ಎಂದಳು. "ನಿನ್ನ ಕಂಡ್ರ ನನಗ ಹೊಟ್ಟಿ ಉರೀತಿತ್ತು."

ನಾನು ತಪ್ಪಾಗಿ ಕೇಳಿಸಿಕೊಂಡೆ ಎಂದುಕೊಂಡೆ. "ನನ್ನ ಕಂಡ್ರ? ನಿನಗ? ಯಾಕ?"

"ನಿನಗ ದಿನಾ ಬೈತಿದ್ರು."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಚಪ್ಪರದ ಗಳ ಹಿಡಿದುಕೊಂಡು ನಿಂತಿದ್ದಳು.

"ಅಷ್ಟೂ ಬೀಜಾ ಸುಟ್ಟೆ. ಒಬ್ರೂ ಒಂದ ಮಾತ ಅನ್ನಲಿಲ್ಲ. ಬಂದ ಮಂದಿಗೆ ಯಾರ ಬೈತಾರ? ನಮ್ಮನ್ಯಾಗ ಆಗಿದ್ರ ಅವ್ವ ಬಾರಕೋಲ ತಗೋತಿದ್ಲು. ಆವತ್ತ ಆಯಿ ನಿನ್ನ ಬೈದು ಒಳಗ ಕಳಿಸಿದ್ಲಲ್ಲ, ಆವಾಗ ನಾ ಹಿತ್ತಲದಾಗ ಅತ್ತೆ. ನಾ ಈ ಮನೀ ಹುಡುಗಿ ಅಲ್ಲ ಅಂತ ಖರೆ ಆತು ಅನಿಸ್ತು."

ಯಾರ ಮಗ್ಗುಲಲ್ಲಿ ಮಲಗಿ, ಯಾರ ಕೆನೆ ಉಂಡು, ಯಾರ ಬದಲು ಮೊದಲ ಬೀಜ ಊರಿ, ಕೊನೆಗೆ ಹೊಟ್ಟೆಯುರಿಯೂ ಇವಳದೇ! ಅದನ್ನೂ ನನಗೆ ಬಿಡಲಿಲ್ಲವಲ್ಲ ಎಂಬ ಸಿಟ್ಟಿನಲ್ಲಿ ಬುಟ್ಟಿ ಅಲ್ಲೇ ಇಟ್ಟು ಓಡಿದೆ. ಬಂಡಿಗೆ ಹುಲ್ಲು ಹಾಸಿ, ಎತ್ತು ಹೂಡುತ್ತಿದ್ದರು. ಆಯಿ ಅತ್ತೆಗೆ ಉಡಿ ತುಂಬುತ್ತಿದ್ದಳು.

"ಆಯೀ, ಈಕಿಗೆ ಬೈಸ್ಕೋಬೇಕಾಗೇತಂತ. ನೀ ಬೈಲಿಲ್ಲ ಅಂತ ಅತ್ತಾಳಂತ," ಎಂದೆ. ಚಾಡಿ ಹೇಳಿದ್ದೇ ಹೌದು.

ಆಯಿಯ ಕೈ ಉಡಿಯ ಅಕ್ಕಿಯಲ್ಲೇ ನಿಂತಿತು. ನನ್ನ ಹಿಂದೆ ಬುಟ್ಟಿ ಹೊತ್ತು ಬಂದ ಹುಡುಗಿಯನ್ನು ನೋಡಿದಳು. ಆಮೇಲೆ ಅವಳ ಬಾಯಿ ತೆರೆಯಿತು.

"ಏ ಹುಚ್ಚಖೋಡಿ! ಕಣ್ಣ ಎಲ್ಲಿ ಇಟ್ಟಿದ್ದಿ ಆವತ್ತ? ಗೋಡಿ ಮ್ಯಾಲ ಇದ್ದದ್ದೆಲ್ಲಾ ಕಿತ್ತ ಕೊಡೂದೇನ? ಯಾರನರ ಒಂದ ಮಾತ ಕೇಳಬಾರದಾ ಮೂಳಿ? ನಮ್ಮತ್ತಿ ಸಾಯೂ ಮುಂದ ನನ್ನ ಕೈಯಾಗ ಇಟ್ಟ ಹೋದ ಬೀಜ ಅದು. ಆಕೀದು ಅಂತ ನನ್ನ ಹತ್ರ ಇದ್ದದ್ದು ಅದೊಂದ. ಕಾಮಣ್ಣನ ಬಾಯಾಗ ಹಾಕಿದಿಯಲ್ಲ! ಇನ್ನ ಎಲ್ಲಿಂದ ತರಲಿ? ಯಾವ ಸುಡುಗಾಡಕ್ಕ ಹೋಗಿ ಹುಡಕಲಿ?"

ಬೈಯುತ್ತ ಬೈಯುತ್ತ ಆಯಿಯ ದನಿ ಒಡೆಯಿತು. ಹೋಳಿಯಿಂದ ದಸರೆಯವರೆಗೆ ಅವಳು ಅದನ್ನು ನುಂಗಿಕೊಂಡೇ ಇದ್ದಳೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಣ್ಣೀರು ಸುಕ್ಕಿನಲ್ಲಿ ಇಳಿಯುತ್ತಿತ್ತು, ಬೈಗುಳ ನಿಲ್ಲಲಿಲ್ಲ. ಮಾವ ಗಾಬರಿಯಿಂದ ಎತ್ತಿನ ಹಗ್ಗ ಬಿಟ್ಟು ನಿಂತ. ಆ ಹುಡುಗಿ ಬುಟ್ಟಿ ಕೆಳಗಿಟ್ಟು ಆಯಿಯ ಸೊಂಟ ಅಪ್ಪಿಕೊಂಡು ದೊಡ್ಡ ದನಿಯಲ್ಲಿ ಅತ್ತಳು. ಎಂಟು ತಿಂಗಳಲ್ಲಿ ಅವಳ ದೊಡ್ಡ ದನಿ ನಾವು ಕೇಳಿದ್ದು ಅದೇ ಮೊದಲು. ಆಯಿ ಅವಳ ಬೆನ್ನಿಗೆ ಧಪಧಪ ಗುದ್ದಿದಳು, ಗುದ್ದಿದ ಕೈಯಿಂದಲೇ ಸವರಿದಳು.

ನಾನು ಪಕ್ಕದಲ್ಲಿ ನಿಂತು ಎಲ್ಲ ಕೇಳಿದೆ. ಹುಚ್ಚಖೋಡಿ ನನ್ನದು. ಮೂಳಿ ನನ್ನದು. ಸುಡುಗಾಡ ನನ್ನದು. ಒಂದೂ ಹೊಸದಿರಲಿಲ್ಲ, ಎಲ್ಲವೂ ನನಗೆಂದೇ ಇದ್ದ ಮಾತು. ತನ್ನ ಅತ್ತೆ ಕೊಟ್ಟ ಬೀಜದ ಮಾತನ್ನು ಮಾತ್ರ ನನ್ನನ್ನು ಬೈಯುವಾಗ ಆಯಿ ಎಂದೂ ಆಡಿರಲಿಲ್ಲ.

ಬಂಡಿ ಹೋಯಿತು. ಆಯಿ ಮುಖ ತೊಳೆದುಕೊಂಡು ಒಳಗೆ ಹೋಗಿ ಮಲಗಿದಳು. ನಾನು ಬಾವಿಯಿಂದ ನೀರು ತರುವಾಗ ಅವಳ ಕಣ್ಣೆದುರಿಗೇ, ಬೇಕೆಂದೇ, ಕೊಡ ಬಗ್ಗಿಸಿ ನಡುಮನೆಯೆಲ್ಲ ಒದ್ದೆ ಮಾಡಿದೆ. ಆಯಿ ನೋಡಿದಳು, ನೋಡಿ ಆ ಕಡೆ ತಿರುಗಿ ಮಲಗಿದಳು. ನಾನು ಬೈಗುಳ ಬಂದೀತೆಂದು ಕೊಡ ಹಿಡಿದುಕೊಂಡು ಅಲ್ಲೇ ನಿಂತಿದ್ದೆ, ಅವ್ವ ಬಂದು ಸುಮ್ಮನೆ ನೆಲ ಒರೆಸಿದಳು.